ಪೆಟ್ಟಿಗೆಯೊಳಗಿನ ಬಾಯಿಗಳು

ದೊಡ್ಡಮ್ಮ ತೀರಿಕೊಂಡಾಗ ಅರಸೀಕೆರೆಗೆ ಹೋಗಿದ್ದೆ. ಹನ್ನೊಂದನೆಯ ದಿನದ ಊಟಕ್ಕೆ ಕೂತವಳು ಅನ್ನದ ಮೇಲೆ ತುಪ್ಪ ಹಾಕಿಸಿಕೊಂಡೆ. ಬಡಿಸುವವರು ಮುಂದಿನ ಎಲೆಗೆ ದಾಟಿದ್ದರು, ಕರೆದು ಇನ್ನೊಂದು ಸಲ ಹಾಕಿಸಿಕೊಂಡೆ. ಎದುರು ಸಾಲಿನಲ್ಲಿದ್ದ ದೊಡ್ಡಮ್ಮನ ಮಗಳು ಪುಷ್ಪಕ್ಕ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅವಳಿಗೆ ಅರ್ಥವಾಗಿತ್ತು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾನು ಇಟ್ಟುಕೊಂಡಿದ್ದೇನೆ, ಅದನ್ನು ಚೆನ್ನಾಗಿ ನೋಡಿಕೊಂಡೂ ಇದ್ದೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ಬದುಕಿದವಳು ನಾನು. ಕೀಟಗಳ ಬಾಯಿಯ ಪಾಠ ಬಂದ ದಿನ ಮೇಡಂ ಯಾಕೋ ತುಂಬ ಖುಷಿಯಾಗಿರುತ್ತಾರೆ ಅಂತ ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದರಂತೆ. ಆ ಖುಷಿ ನನಗೆ ಸಿಕ್ಕಿದ್ದು ಈ ಮನೆಯಲ್ಲಿ.

ಸ್ಟೇಷನ್ನಿನ ಹಿಂದಿನ ಬೀದಿಯ ಹೆಂಚಿನ ಮನೆ ಅದು. ಗೂಡ್ಸ್ ಗಾಡಿ ಹೋದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಒಲೆಯ ಮೇಲ್ಗಡೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲೆಂದು ಒಣಗಲು ಬಿಟ್ಟ ತೆಂಗಿನಕಾಯಿ. ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಅವರ ತಮ್ಮ, ಅಂದರೆ ನಮ್ಮಪ್ಪ, ಗೂಡ್ಸ್ ಗಾಡಿಯ ಗಾರ್ಡು. ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿ ಇರುತ್ತಿರಲಿಲ್ಲ, ಇದ್ದ ಹದಿನೈದು ದಿನ ಮಲಗಿರುತ್ತಿದ್ದರು. ಒಲೆ ಒಂದೇ, ಉಗ್ರಾಣ ಒಂದೇ, ಎರಡರ ಯಜಮಾನಿಕೆಯೂ ದೊಡ್ಡಮ್ಮನದು. ಅಮ್ಮನದು ಅಂತ ಇದ್ದದ್ದು ಪಡಸಾಲೆಯ ಕಿಟಕಿಯ ಪಕ್ಕದ ಹೊಲಿಗೆ ಮಿಷನ್ನು ಒಂದೇ. ಬೀದಿಯ ಹೆಂಗಸರ ರವಿಕೆ ಹೊಲಿದುಕೊಡುತ್ತಿದ್ದಳು. ಮಿಷನ್ನಿನ ಖಾನೆಯಲ್ಲಿ ಎಣ್ಣೆಬಟ್ಟೆ ಸುತ್ತಿದ ಅವಳ ಕತ್ತರಿ ಇರುತ್ತಿತ್ತು. ಅದರಿಂದ ಕಾಗದ ಕತ್ತರಿಸಿದರೆ ನನಗೆ ಏಟು ಗ್ಯಾರಂಟಿ, ಕಾಗದ ತಾಗಿದರೆ ಕತ್ತರಿಯ ಬಾಯಿ ಮೊಂಡಾಗುತ್ತದೆ ಅಂತ.

ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುತ್ತಿದ್ದೆವು, ಅಮ್ಮನನ್ನು ಬಿಟ್ಟು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಅದಾದ ಮೇಲೆ ದೊಡ್ಡಮ್ಮ ತುಪ್ಪದ ಬಟ್ಟಲು ಹಿಡಿದು ಬರುತ್ತಿದ್ದಳು. ಆ ಬಟ್ಟಲನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ದೊಡ್ಡಪ್ಪನ ತಟ್ಟೆಗೆ ಎರಡು ಚಮಚ, ಪುಷ್ಪಕ್ಕನ ತಟ್ಟೆಗೆ ಎರಡು ಚಮಚ, ನನ್ನ ತಟ್ಟೆಯ ಹತ್ತಿರ ಬಂದಾಗ ಚಮಚ ಒಂದು ಕ್ಷಣ ನಿಂತು ಬಟ್ಟಲಿಗೆ ವಾಪಸ್ಸು ಹೋಗುತ್ತಿತ್ತು. ಯಾರಾದರೂ ನೆಂಟರು ಕೂತಿದ್ದರೆ ಅವರಿಗೆ ಕೇಳುವ ಹಾಗೆ ಹೇಳುತ್ತಿದ್ದಳು:

“ನಮ್ಮ ಶೈಲಂಗೆ ತುಪ್ಪ ಸೇರಲ್ಲ ಕಣ್ರೀ. ಪಾಪ, ಅದರ ಹೊಟ್ಟೇನೇ ಹಂಗೆ.”

ಎಷ್ಟು ಅಕ್ಕರೆಯಿಂದ ಹೇಳುತ್ತಿದ್ದಳೆಂದರೆ ನಾನೂ ನಂಬಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಅಮ್ಮನ ತೌರುಮನೆ ಮಾದಿಹಳ್ಳಿಗೆ ಹೋದಾಗ ಅಜ್ಜಿ ಬಿಸಿ ಅನ್ನಕ್ಕೆ ತುಪ್ಪ ಹಾಕಲು ಬಂದಳು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು, ನನಗೆ ತುಪ್ಪ ಸೇರಲ್ಲ ಅಜ್ಜಿ ಅಂದೆ. ಅಜ್ಜಿ ಅಮ್ಮನ ಮುಖ ನೋಡಿದಳು. ಅಮ್ಮ ಗೋಡೆ ನೋಡಿದಳು. ಅಜ್ಜಿ ನನ್ನ ಕೈ ಸರಿಸಿ ಧಾರಾಳವಾಗಿ ಸುರಿದಳು. ತಿಂದೆ. ಹೊಟ್ಟೆಗೆ ಏನೂ ಆಗಲಿಲ್ಲ. ಏನಾದರೂ ಆಗಲಿ ಅಂತ ಸಂಜೆಯವರೆಗೂ ಕಾದೆ, ಆಗ ದೊಡ್ಡಮ್ಮ ಸುಳ್ಳು ಹೇಳಿರಲಿಲ್ಲ ಅಂತಾಗುತ್ತಿತ್ತು. ಅವತ್ತು ನನಗೆ ಒಂಬತ್ತು ವರ್ಷ.

ನಡುಮನೆಯಲ್ಲಿ ಹಲಸಿನ ಮರದ ಒಂದು ದೊಡ್ಡ ಪೆಟ್ಟಿಗೆ ಇತ್ತು. ಮನೆಯ ಹೆಂಗಸರ ಒಳ್ಳೆಯ ಸೀರೆಗಳೆಲ್ಲ ಅದರಲ್ಲೇ ಇರಬೇಕು ಅನ್ನುವುದು ದೊಡ್ಡಮ್ಮನ ಕಟ್ಟಳೆ. ಮದುವೆಯಾಗಿ ಬಂದ ವಾರದಲ್ಲೇ ಅಮ್ಮನ ಧಾರೆ ಸೀರೆ ಆ ಪೆಟ್ಟಿಗೆಯೊಳಗೆ ಹೋಯಿತು. ಗಿಳಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು, ಅಂಚಿನ ತುಂಬ ಜರಿಯ ಮಾವಿನಕಾಯಿ. ಅಜ್ಜಿ ಬೇಲೂರಿನ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತು ಆರಿಸಿದ ಸೀರೆ. ಆಮೇಲೆ ಅದನ್ನು ಅಮ್ಮ ಉಟ್ಟಿದ್ದನ್ನು ನಾನು ನೋಡಿಲ್ಲ, ಕೇಳಿದಾಗಲೆಲ್ಲ ದೊಡ್ಡಮ್ಮನಿಗೆ ಒಂದು ನೆಪ ಇರುತ್ತಿತ್ತು. ಪೆಟ್ಟಿಗೆಗೆ ನುಸಿ ಗುಳಿಗೆ ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ, ಆಸ್ಪತ್ರೆಯ ವಾಸನೆ ಬರುತ್ತದೆ ಅಂತ. ಅದರ ಬದಲು ರೇಷ್ಮೆ ಸೀರೆಗಳನ್ನು ಒಂದು ಕರಿ ಕಂಬಳಿಯಲ್ಲಿ ಸುತ್ತಿಡುತ್ತಿದ್ದಳು. ಮನೆದೇವರ ಪೂಜೆಯ ದಿನ ಗದ್ದುಗೆಗೆ ಹಾಸುವ ಕಂಬಳಿ ಅದು.

“ದೇವರ ಕಂಬಳಿಗೆ ನುಸಿ ಬರಲ್ಲ,” ಅನ್ನುತ್ತಿದ್ದಳು.

ಪೆಟ್ಟಿಗೆಯ ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ದೇವರ ಗೂಡಿಗೆ ಹೂವಿಟ್ಟು ದೀಪ ಹಚ್ಚುವ ಕೆಲಸ ನನ್ನದು. ಈ ಎರಡನ್ನೂ ದೊಡ್ಡಮ್ಮ ಯಾವತ್ತೂ ಒಟ್ಟಿಗೆ ಯೋಚಿಸಲಿಲ್ಲ.

ಪುಷ್ಪಕ್ಕನನ್ನು ನೋಡಲು ಹಗರೆಯಿಂದ ಗಂಡಿನವರು ಬಂದದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲ ಶುರುವಾಗುವ ಹೊತ್ತಿಗೆ. ಹುಡುಗನ ತಾಯಿ ರತ್ನಮ್ಮ ಅಂತ, ನಾಲ್ಕು ಎಮ್ಮೆ ಕಟ್ಟಿ ಡೈರಿಗೆ ಹಾಲು ಹಾಕುವ, ಗಟ್ಟಿ ದನಿಯ ಹೆಂಗಸು. ಮಾತು ಕುದುರಿತು. ಶ್ರಾವಣದಲ್ಲಿ ನಿಶ್ಚಿತಾರ್ಥ ಅಂತಾಯಿತು. ದೊಡ್ಡಮ್ಮ ಸಂಭ್ರಮದಲ್ಲಿ ಪೆಟ್ಟಿಗೆ ತೆಗೆದು ಗಿಳಿಹಸಿರು ಸೀರೆಯನ್ನು ರತ್ನಮ್ಮನ ತೊಡೆಯ ಮೇಲೆ ಹರಡಿದಳು.

“ಶಾಸ್ತ್ರಕ್ಕೆ ನಮ್ಮ ಹುಡುಗಿ ಇದನ್ನೇ ಉಡ್ತಾಳೆ. ನಮ್ಮತ್ತೆ ಅವರ ಕೈಯಾರೆ ನಂಗೆ ಕೊಟ್ಟ ಸೀರೆ.”

ಅಮ್ಮ ಆಗ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಲೋಟದಿಂದ ಕಾಫಿ ತುಳುಕಿ ಅವಳ ಹೆಬ್ಬೆರಳ ಮೇಲೆ ಬಿತ್ತು, ಬೆರಳು ತೆಗೆಯಲಿಲ್ಲ. ಗಂಡಿನವರು ಹೊರಟ ಮೇಲೆ ದೊಡ್ಡಮ್ಮ ಸೀರೆಯನ್ನು ಅಮ್ಮನ ಕಡೆ ಎಸೆದು, ಜಯಾ ಮಡಚಿಡು ಅಂದಳು. ಅಮ್ಮ ಮಡಚಿದಳು. ಕಂಬಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಮಾರನೇ ದಿನ ಎಂದಿನ ಹಾಗೆ ಮಿಷನ್ನಿನ ಮುಂದೆ ಕೂತಿದ್ದಳು.

ವಾರ ಕಳೆದು ಜೊತೆಯ ರವಿಕೆಗೆ ಬಣ್ಣ ಹೊಂದಿಸಲೆಂದು ದೊಡ್ಡಮ್ಮ ಮತ್ತೆ ಪೆಟ್ಟಿಗೆ ತೆಗೆದಳು. ಸೀರೆ ಬಿಡಿಸಿದರೆ ಏಳು ತೂತು. ಒಂದೊಂದೂ ಹುಣಸೆಬೀಜದಷ್ಟು, ಅರ್ಧ ಹಸಿರಿನಲ್ಲಿ ಅರ್ಧ ಜರಿಯ ಅಂಚಿನಲ್ಲಿ, ಮಡಿಕೆಯ ಲೆಕ್ಕಕ್ಕೆ ಸರಿಯಾಗಿ ಸಮ ದೂರದಲ್ಲಿ. ದೊಡ್ಡಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸೀರೆಯನ್ನು ದೊಡ್ಡಪ್ಪನ ಮುಂದೆ ಹಾಸಿ, ಮೆತ್ತಗೆ, ತುಪ್ಪ ಸೇರಲ್ಲ ಅನ್ನುವ ಅದೇ ದನಿಯಲ್ಲಿ ಹೇಳಿದಳು:

“ನಾನು ಯಾರ ಹೆಸರೂ ಹೇಳಲ್ಲ. ಈ ಮನೇಲಿ ಕತ್ತರಿ ಹಿಡಿಯೋ ಕೈ ಒಂದೇ ಐತೆ.”

ದೊಡ್ಡಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು:

“ಆಷಾಢ ಕಳೀಲಿ. ಶ್ರಾವಣ ಶನಿವಾರ ಮಾಲೇಕಲ್ಲು ಬೆಟ್ಟಕ್ಕೆ ಹೋಗೋಣ. ಸ್ವಾಮಿ ಮುಂದೆ ಮಗಳ ತಲೆ ಮುಟ್ಟಿ, ನಾನು ಮಾಡಿಲ್ಲ ಅಂತ ಆಣೆ ಮಾಡ್ಲಿ. ಮಾಡಿದ್ರೆ ಇಲ್ಲಿಗೆ ಮುಗೀತು. ಮಾಡಲ್ಲ ಅಂದ್ರೆ ಅವಳ ದಾರಿ ಮಾದಿಹಳ್ಳಿಗೆ.”

“ಬೀಗರೂ ಬರ್ಲಿ ಅವತ್ತು,” ಅಂದಳು ದೊಡ್ಡಮ್ಮ. “ನಮ್ಮನೇಲಿ ಎಂಥವರು ಅವ್ರೆ ಅಂತ ಅವರಿಗೂ ಗೊತ್ತಾಗ್ಲಿ.”

ಸಾಕ್ಷಿ ಹಾಗೇ ಇರಲಿ ಅಂತ ಸೀರೆಯನ್ನು ಅದೇ ಕಂಬಳಿಯಲ್ಲಿ ಸುತ್ತಿ ಬೀಗ ಹಾಕಿದಳು. ಇನ್ನು ಬಿಚ್ಚುವುದು ಬೆಟ್ಟದ ಮೇಲೇ. ಅಮ್ಮ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಅಪ್ಪ ಎರಡು ದಿನ ಬಿಟ್ಟು ಡ್ಯೂಟಿಯಿಂದ ಬಂದರು, ಎಲ್ಲ ಕೇಳಿಸಿಕೊಂಡರು, ಅಣ್ಣ ಹೇಳಿದ ಮೇಲೆ ಆಯಿತಲ್ಲ ಅಂದು ಮಲಗಿದರು. ನನಗೆ ಅನುಮಾನವೇ ಇರಲಿಲ್ಲ. ಅಮ್ಮನ ಮೌನ ತಪ್ಪು ಮಾಡದವರ ಮೌನ ಅಂತ ತಿಳಿದೆ. ಇಷ್ಟಕ್ಕೂ ಎಲ್ಲರೂ ನೋಡುತ್ತಿದ್ದದ್ದು ನನ್ನ ತಲೆಯನ್ನು. ಸುಳ್ಳು ಆಣೆ ಮಾಡಿದರೆ ಮಗುವಿನ ಕಣ್ಣು ಹೋಗುತ್ತದೆ, ಕಾಲು ಹೋಗುತ್ತದೆ ಅಂತ ಬೀದಿಯ ಹೆಂಗಸರು ನನ್ನ ಮುಂದೆಯೇ ಮಾತಾಡಿದರು.

ಆ ದಿನಗಳಲ್ಲೇ ಸ್ಕೂಲಿನಲ್ಲಿ ಸರೋಜಾ ಮೇಡಂ ಕೀಟಗಳ ಬಾಯಿಯ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಅದು ಅರ್ಧ ಪುಟ. ಅವರು ಒಂದು ವಾರ ಎಳೆದರು, ಅವರಿಗೇ ಅದು ಅಷ್ಟು ಇಷ್ಟ. ಸತ್ತ ಜಿರಲೆಯನ್ನು ಬಿಳಿ ಕಾಗದದ ಮೇಲಿಟ್ಟು, ಸೂಜಿಯಿಂದ ಮೇಲ್ತುಟಿ ಎತ್ತಿ, ಭೂತಗನ್ನಡಿಯಲ್ಲಿ ಒಬ್ಬೊಬ್ಬರಿಗೇ ತೋರಿಸಿದರು. ಆಮೇಲೆ ತಮ್ಮ ಎರಡು ಕೈಗಳನ್ನು ಬಾಯಿಯ ಅಕ್ಕಪಕ್ಕ ಹಿಡಿದು ಒಂದಕ್ಕೊಂದು ತಾಗಿಸಿದರು.

“ನಮ್ಮ ದವಡೆ ಮೇಲೆ ಕೆಳಗೆ ಆಡುತ್ತೆ. ಇವುಗಳದ್ದು ಎಡಕ್ಕೆ ಬಲಕ್ಕೆ. ಕತ್ತರಿ ಅಡ್ಡ ಹಿಡಿದ ಹಾಗೆ. ಏನು ತಿಂದಿದೆ, ಹೇಗೆ ತಿಂದಿದೆ ಅಂತ ನೋಡಿದರೆ ಯಾರು ತಿಂದದ್ದು ಅಂತ ಹೇಳಬಹುದು.”

ಕೊನೆಯ ಮಾತು ಕೇಳಿ ನನ್ನ ಮೈ ಜುಂ ಅಂದಿತು. ಬಾಕಿ ಪಾಠವನ್ನು ನಾನು ನಮ್ಮ ಮನೆಯ ಬಗ್ಗೆ ಹೇಳುತ್ತಿದ್ದಾರೆ ಅನ್ನುವ ಹಾಗೆ ಕೇಳಿಸಿಕೊಂಡೆ. ಸೊಳ್ಳೆಯ ಮೂತಿ ಒಂದು ಸೂಜಿಯಲ್ಲ, ಆರು ಸೂಜಿಗಳ ಕಟ್ಟು. ಒಂದರಿಂದ ಮೊದಲು ಜೊಲ್ಲು ಬಿಡುತ್ತದೆ, ಆಮೇಲೆ ಇನ್ನೊಂದರಿಂದ ಹೀರುತ್ತದೆ. ನಮಗೆ ತುರಿಕೆ ಶುರುವಾಗುವ ಹೊತ್ತಿಗೆ ಅದು ಎದ್ದು ಹೋಗಿರುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸೊಳ್ಳೆ ಅಂತ ಬರೆದು ಎದುರಿಗೆ ದೊಡ್ಡಮ್ಮ ಅಂತ ಬರೆದೆ. ನೊಣಕ್ಕೆ ಕಚ್ಚುವ ಬಾಯಿಲ್ಲ. ಊಟದ ಮೇಲೆ ಮೊದಲು ಉಗುಳಿ, ಕರಗಿದ್ದನ್ನು ಮೆತ್ತನೆಯ ತುಟಿ ಒತ್ತಿ ಹೀರುತ್ತದೆ. ಅದು ದೊಡ್ಡಪ್ಪ, ಹೆಂಡತಿ ಮೆತ್ತಗೆ ಮಾಡಿಕೊಟ್ಟದ್ದನ್ನೇ ತೀರ್ಪು ಅಂತ ಹೇಳುವವರು. ಚಿಟ್ಟೆಗೆ ಸುರುಳಿ ನಾಲಿಗೆ, ಹೂವು ಕಂಡಾಗ ಮಾತ್ರ ಬಿಚ್ಚುತ್ತದೆ: ಪುಷ್ಪಕ್ಕ. ರೇಷ್ಮೆಯ ಹುಳ ಪತಂಗವಾದ ಮೇಲೆ ಅದಕ್ಕೆ ಬಾಯಿ ಇದ್ದೂ ಇಲ್ಲದ ಹಾಗೆ, ಸಾಯುವವರೆಗೂ ಅದು ಏನೂ ತಿನ್ನುವುದಿಲ್ಲ ಅಂದರು ಮೇಡಂ. ಅಲ್ಲಿ ಅಪ್ಪನ ಹೆಸರು ಬರೆಯುವಾಗ ಪೆನ್ನು ಕಾಗದದಲ್ಲಿ ತೂತು ಮಾಡಿತು. ಅಮ್ಮನ ಎದುರಿಗೆ ಮಾತ್ರ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟೆ.

ಸೀರೆ ತಿಂದದ್ದು ನುಸಿ ಅಂತ ತೋರಿಸಿಬಿಟ್ಟರೆ ಆಣೆಯೇ ಬೇಡ, ನನ್ನ ತಲೆಯನ್ನು ಯಾರೂ ಮುಟ್ಟಬೇಕಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ದೊಡ್ಡಮ್ಮನ ಮುಖ ನಾಲ್ಕು ಜನರ ಮುಂದೆ ಸಣ್ಣದಾಗಬೇಕು ಅನ್ನುವುದು ನನಗೆ ಹಸಿವಿನ ಹಾಗೆ ಹತ್ತಿತ್ತು. ಮೇಡಂ ಹತ್ತಿರ ಭೂತಗನ್ನಡಿ ಕೇಳಿದೆ. ಒಡೆದರೆ ನಿನ್ನ ಕಥೆ ಅಷ್ಟೇ ಅಂತ ಹೇಳಿ ಕೊಟ್ಟರು. ಅಟ್ಟದ ಮೂಲೆಯಲ್ಲಿ ಯಾರೂ ಹೊದೆಯದ ಒಂದು ಹಳೇ ಕಂಬಳಿ ಬಿದ್ದಿತ್ತು. ಕೊಡವಿದರೆ ಕಂದುಬಣ್ಣದ, ಮೈತುಂಬ ರೋಮದ, ಅಕ್ಕಿಕಾಳಿನಷ್ಟು ಉದ್ದದ ನುಸಿಹುಳಗಳು ಉದುರಿದವು. ದೊಡ್ಡ ಬಾಟಲಿಗೆ ಹಾಕಿಕೊಂಡೆ. ಜೊತೆಗೆ ಅಮ್ಮನ ಮಿಷನ್ನಿನ ಕೆಳಗೆ ಬಿದ್ದಿದ್ದ, ಜರಿ ಅಂಚಿದ್ದ ರೇಷ್ಮೆಯ ಚೂರು. ಬಾಯಿಗೆ ತೆಳು ಬಟ್ಟೆ ಕಟ್ಟಿ ತೆಂಗಿನಕಾಯಿ ರಾಶಿಯ ಹಿಂದೆ ಇಟ್ಟೆ. ದಿನಾ ಸ್ಕೂಲಿನಿಂದ ಬಂದವಳೇ ಅಟ್ಟ ಹತ್ತುತ್ತಿದ್ದೆ.

ಭೂತಗನ್ನಡಿಯಲ್ಲಿ ಆ ಬಾಯಿ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಎರಡು ಪುಟ್ಟ ಕಪ್ಪು ದವಡೆಗಳು ಅಕ್ಕಪಕ್ಕದಿಂದ ಬಂದು ಕೂಡುತ್ತವೆ, ಬಿಡುತ್ತವೆ, ಮತ್ತೆ ಕೂಡುತ್ತವೆ. ಆತುರವಿಲ್ಲ. ರೇಷ್ಮೆಯ ಒಂದು ಎಳೆ ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಜರಿಯ ಎಳೆ ಸಿಕ್ಕಿದಾಗ ತಡೆಯುತ್ತದೆ, ತಡವಿ ನೋಡುತ್ತದೆ, ತಲೆ ತಿರುಗಿಸಿ ಪಕ್ಕದ ರೇಷ್ಮೆಗೆ ಬಾಯಿ ಹಾಕುತ್ತದೆ. ಎರಡು ವಾರಕ್ಕೆ ಚೂರಿನ ಅಂಚು ಸವೆದು ಹೋಗಿತ್ತು, ಜರಿಯ ತುದಿಗಳು ಮಾತ್ರ ಮುಂದಕ್ಕೆ ಚಾಚಿಕೊಂಡು ಉಳಿದಿದ್ದವು. ಸುತ್ತ ಪುಡಿ ಹಿಕ್ಕೆ, ಕಳಚಿದ ಪೊರೆ. ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಇನ್ನು ಸೀರೆಯಲ್ಲೂ ಇದೇ ಗುರುತು ನೋಡಿಬಿಟ್ಟರೆ ಆಯಿತು.

ಒಂದು ಮಧ್ಯಾಹ್ನ ದೊಡ್ಡಮ್ಮ ಪಕ್ಕದ ಮನೆಗೆ ಟೀವಿ ಧಾರಾವಾಹಿ ನೋಡಲು ಹೋಗಿದ್ದಳು, ಅಮ್ಮ ರವಿಕೆ ಕೊಡಲು ಹೋಗಿದ್ದಳು. ದೇವರ ಪಟದ ಹಿಂದೆ ಕೈ ಹಾಕಿ ಬೀಗದ ಕೈ ತೆಗೆದೆ. ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚು ಇತ್ತು, ಅದರಿಂದ ಬಿಸಿಲಿನ ಒಂದು ಚೌಕ ನೆಲದ ಮೇಲೆ ಬೀಳುತ್ತಿತ್ತು. ಅಲ್ಲಿ ಕಂಬಳಿ ಬಿಚ್ಚಿ ಸೀರೆಯ ಅಂಚು ಹಿಡಿದು ಭೂತಗನ್ನಡಿ ಇಟ್ಟೆ.

ಜರಿಯೂ ತುಂಡಾಗಿತ್ತು. ರೇಷ್ಮೆಯ ಎಳೆ, ಜರಿಯ ಎಳೆ ಎಲ್ಲ ಒಂದೇ ಗೆರೆಯಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಹಿಕ್ಕೆ ಇಲ್ಲ, ಪೊರೆ ಇಲ್ಲ. ಏಳೂ ತೂತು ನೋಡಿದೆ, ಏಳೂ ಒಂದೇ ಆಕಾರ. ಮಡಚಿದ ಸೀರೆಗೆ ಒಂದೇ ಸಲ ಬಾಯಿ ಹಾಕಿದ್ದು, ಮೊಂಡಾಗದ ಬಾಯಿ, ಕಾಗದ ತಾಗಿಸಬಾರದು ಅಂತ ನನಗೆ ಏಟು ಕೊಟ್ಟು ಕಾಪಾಡಿಕೊಂಡ ಬಾಯಿ. ಅಮ್ಮನೇ ಮಾಡಿದ್ದಳು. ಮೊದಲು ಭಯವಾಯಿತು: ಹಾಗಾದರೆ ಬೆಟ್ಟದ ಮೇಲೆ ನನ್ನ ತಲೆ ಮುಟ್ಟಿ ಸುಳ್ಳು ಹೇಳುತ್ತಾಳಾ? ಭಯ ಇಳಿಯುವ ಮೊದಲೇ ಇನ್ನೊಂದು ಬಂತು, ಅದಕ್ಕೆ ಸಂತೋಷ ಅಂತಲೇ ಹೇಳಬೇಕು. ಕಡೆಯಲ್ಲಿ ಉಂಡು, ಕರೆದಾಗ ಬಂದು, ಮಡಚು ಅಂದಾಗ ಮಡಚಿದ ನಮ್ಮಮ್ಮನಿಗೂ ದವಡೆ ಇದೆ. ತನ್ನ ಸೀರೆ ಇನ್ನೊಬ್ಬರ ಮೈಮೇಲೆ ಹೋಗುವುದಕ್ಕಿಂತ ಹಾಳಾಗಲಿ ಅಂತ ಅವಳು ಕಚ್ಚಿದ್ದಳು. ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟ ಜಾಗ ನೆನಪಾಯಿತು.

ಆಮೇಲೆ ಮಾಡಿದ್ದನ್ನು ನಾನು ಎರಡು ಸಲ ಯೋಚಿಸಿ ಮಾಡಲಿಲ್ಲ. ಬಾಟಲಿಯ ಹುಳಗಳನ್ನು ಮೂರು ದಿನ ಉಪವಾಸ ಕೆಡವಿದೆ. ಬೆವರು, ಜಿಡ್ಡು, ಊಟದ ಕಲೆ ಇರುವ ಬಟ್ಟೆಯೇ ನುಸಿಗೆ ಹೆಚ್ಚು ಇಷ್ಟ ಅಂತ ಮೇಡಂ ಹೇಳಿದ್ದರು. ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಉಗ್ರಾಣಕ್ಕೆ ನುಗ್ಗಿ ತುಪ್ಪದ ಬಟ್ಟಲಲ್ಲಿ ಬೆರಳು ಅದ್ದಿದೆ. ಆ ಬೆರಳನ್ನು ನೆಕ್ಕಬೇಕು ಅನ್ನಿಸಿತು, ನೆಕ್ಕಲಿಲ್ಲ. ಮಧ್ಯಾಹ್ನ ಮತ್ತೆ ಪೆಟ್ಟಿಗೆ ತೆಗೆದು ಏಳು ತೂತಿನ ಅಂಚಿಗೂ ಒಂದಿಷ್ಟೇ ತುಪ್ಪ ಸವರಿ ಹದಿನೇಳು ಹುಳ ಬಿಟ್ಟೆ. ಕಂಬಳಿ ಸುತ್ತಿದೆ. ಆಷಾಢ ಕಳೆಯುವವರೆಗೂ ಅವು ಒಳಗೆ ಕೆಲಸ ಮಾಡಿದವು. ಹೊರಗೆ ದೊಡ್ಡಮ್ಮ ದಿನಕ್ಕೊಂದು ಸಲ ಅಮ್ಮನ ಹತ್ತಿರ ನಿಂತು, ಶ್ರಾವಣಕ್ಕೆ ಇನ್ನೆಷ್ಟು ದಿನ ಜಯಾ ಅಂತ ಕೇಳುತ್ತಿದ್ದಳು. ನಾನು ಮನಸ್ಸಿನಲ್ಲೇ, ಕಚ್ಚಿ, ಕಚ್ಚಿ ಅಂತ ಹುಳಗಳಿಗೆ ಹೇಳುತ್ತಿದ್ದೆ. ವಾರಕ್ಕೊಮ್ಮೆ ನೋಡುತ್ತಿದ್ದೆ. ಕತ್ತರಿಯ ಗೆರೆ ವಾರದಿಂದ ವಾರಕ್ಕೆ ಅಳಿಸುತ್ತಾ ಬಂತು. ರೇಷ್ಮೆ ಹಿಂದಕ್ಕೆ ಸರಿಯಿತು, ಜರಿ ಮುಂದಕ್ಕೆ ಉಳಿಯಿತು. ಅಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದರೆ ನನಗೆ ಗೊತ್ತು ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಶ್ರಾವಣ ಶನಿವಾರ ಗಡಗಡ ಸದ್ದಿನ ಹಳೇ ವ್ಯಾನಿನಲ್ಲಿ ಮಾಲೇಕಲ್ಲಿಗೆ ಹೊರಟೆವು. ಮೆಟ್ಟಿಲ ತುಂಬ ಜನ, ಗೋವಿಂದನ ಕೂಗು. ಕಂಬಳಿಯ ಗಂಟು ದೊಡ್ಡಮ್ಮ ತಾನೇ ಹೊತ್ತಳು. ಅಪ್ಪನಿಗೆ ಡ್ಯೂಟಿ ಇತ್ತು, ಅಥವಾ ಹಾಕಿಸಿಕೊಂಡಿದ್ದರು. ಅಮ್ಮನ ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಏನದು ಅಂದರೆ ಹೂವು ಹಣ್ಣು ಅಂದಳು. ಹೂವು ಹಣ್ಣಿಗೆ ಅಷ್ಟು ಭಾರ ಇರುವುದಿಲ್ಲ, ಅವಳು ಎರಡು ಸಲ ಹೆಗಲು ಬದಲಿಸಿದಳು. ಮೇಲೆ ಹಗರೆಯ ರತ್ನಮ್ಮ ಆಗಲೇ ದರ್ಶನ ಮುಗಿಸಿ ಮಂಟಪದಲ್ಲಿ ಕೂತಿದ್ದರು. ದೊಡ್ಡಪ್ಪ ನನ್ನನ್ನು ಗುಡಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಅಮ್ಮ ನನ್ನ ಹಿಂದೆ ಬಂದು ನಿಂತಳು. ಅವಳ ಕೈ ಮೇಲೆ ಬರುವ ಮೊದಲೇ ನಾನು ತಿರುಗಿದೆ.

“ದೊಡ್ಡಪ್ಪ, ಆಣೆಗೆ ಮುಂಚೆ ಸೀರೆ ಬಿಚ್ಚಿ. ಎಲ್ಲರೂ ಒಂದು ಸಲ ನೋಡ್ಲಿ.”

“ನೋಡ್ಲಿ, ನೋಡ್ಲಿ,” ಅಂದಳು ದೊಡ್ಡಮ್ಮ. ತಾನೇ ಗಂಟು ಬಿಚ್ಚಿದಳು. ಸೀರೆ ಕೊಡವಿದಳು.

ಮಂಟಪದ ಕಲ್ಲಿನ ಮೇಲೆ ಪುಡಿ ಉದುರಿತು, ಪೊರೆ ಉದುರಿತು, ಎರಡು ಮೂರು ಜೀವಂತ ಹುಳ ಬಿದ್ದು ರೋಮ ನಿಗುರಿಸಿಕೊಂಡು ತೆವಳಿದವು. ರತ್ನಮ್ಮ ಕಾಲು ಹಿಂದೆ ಎಳೆದುಕೊಂಡರು. ತೂತುಗಳು ಹುಣಸೆಬೀಜ ದಾಟಿ ಅಡಿಕೆಯಷ್ಟಾಗಿದ್ದವು. ಒಂದೊಂದರ ಅಂಚಿನಲ್ಲೂ ಜರಿಯ ತುದಿಗಳು ಗಾಳಿಗೆ ಅಲ್ಲಾಡುತ್ತಿದ್ದವು. ನಾನು ಬಾಯಿಪಾಠ ಒಪ್ಪಿಸುವವಳ ಹಾಗೆ ಒಂದೇ ಉಸಿರಿಗೆ ಹೇಳಿದೆ: ಕತ್ತರಿಯಾದರೆ ಜರಿಯನ್ನೂ ಕತ್ತರಿಸುತ್ತೆ. ನುಸಿಗೆ ಜರಿ ತಿನ್ನಲಾಗಲ್ಲ, ಬಿಟ್ಟು ಬಿಡುತ್ತೆ. ಮಡಚಿದ ಸೀರೆಗೆ ಹೊಕ್ಕರೆ ಮಡಿಕೆಗೊಂದು ತೂತು. ನುಸಿ ಕಂಬಳಿಯಿಂದ ಬಂದಿದೆ, ಕಂಬಳಿಯಲ್ಲಿ ರೇಷ್ಮೆ ಸುತ್ತಿದರೆ ಹೀಗೇ ಆಗೋದು. ರತ್ನಮ್ಮ ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿದರು, ಆಮೇಲೆ ಮೂಗಿನ ಹತ್ತಿರ ಹಿಡಿದರು. ಹಾಲು ತುಪ್ಪದಲ್ಲೇ ಬದುಕಿದ ಹೆಂಗಸು.

“ಇದೇನ್ರೀ ತುಪ್ಪದ ವಾಸ್ನೆ? ಜಿಡ್ಡಿನ ಕೈಯಲ್ಲಿ ರೇಷ್ಮೆ ಮುಟ್ಟಿದ್ರೆ ಹುಳ ಬರದೇ ಇನ್ನೇನು? ಯಾರು ಮುಟ್ಟಿದ್ದು?”

ಈ ಗಳಿಗೆಗಾಗಿ ನಾನು ಬದುಕಿದ್ದೆ. ದೊಡ್ಡಮ್ಮನ ಮುಖ ನೋಡಿಕೊಂಡು, ಅವಳದೇ ದನಿಯಲ್ಲಿ, ಮೆತ್ತಗೆ ಹೇಳಿದೆ:

“ನಾನು ಯಾರ ಹೆಸರೂ ಹೇಳಲ್ಲ. ನಮ್ಮನೇಲಿ ತುಪ್ಪ ಮುಟ್ಟೋ ಕೈ ಒಂದೇ ಐತೆ.”

ಪುಷ್ಪಕ್ಕ ಕಣ್ಣು ಮುಚ್ಚಿಕೊಂಡಳು. ದೊಡ್ಡಮ್ಮ ತನ್ನ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ರತ್ನಮ್ಮ ಬಿಡುವವರಲ್ಲ.

“ಅದ್ಸರಿ, ನಿಮ್ಮತ್ತೆ ನಿಮಗೆ ಕೊಟ್ಟ ಸೀರೇನ ಈಯಮ್ಮ ಯಾಕೆ ಕತ್ತರಿಸ್ತಾರೆ? ಅವರಿಗೇನು ಸಿಕ್ಕುತ್ತೆ?”

ದೊಡ್ಡಪ್ಪ ಗುಡಿಯ ಗೋಪುರ ನೋಡಿದರು.

“ಅದು ನಮ್ಮಮ್ಮನ ಧಾರೆ ಸೀರೆ,” ಅಂದೆ ನಾನು.

ಆಣೆ ಯಾರಿಗೂ ಬೇಕಾಗಲಿಲ್ಲ. ನಿಶ್ಚಿತಾರ್ಥ ನಿಲ್ಲಲಿಲ್ಲ. ಆದರೆ ಮದುವೆಯಾದ ಮೇಲೆ ರತ್ನಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ದೊಡ್ಡಮ್ಮನ ಮಾತನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು, ಅದೊಂದು ಸುಖವನ್ನು ನಾನು ವರ್ಷಗಟ್ಟಲೆ ಅನುಭವಿಸಿದೆ. ನಾನು ದೇವರ ಎದುರಿಗೆ ಸುಳ್ಳು ಸಾಕ್ಷಿ ಹೇಳಿದ್ದೆ. ಕಣ್ಣು ಹೋಗಲಿಲ್ಲ, ಕಾಲು ಹೋಗಲಿಲ್ಲ. ಪಶ್ಚಾತ್ತಾಪವೂ ಬರಲಿಲ್ಲ.

ಅವರೆಲ್ಲ ಮುಂದೆ ಇಳಿದರು. ಅಮ್ಮ ಮಂಟಪದ ಕಲ್ಲಿನಿಂದ ಸೀರೆ ಎತ್ತಿಕೊಂಡು, ಹುಳ ಕೊಡವಿ, ನಿಧಾನವಾಗಿ ಮಡಚಿದಳು. ಕಂಬಳಿಯನ್ನು ಅಲ್ಲೇ ಬಿಟ್ಟಳು. ಸೀರೆ ಇಡಲು ಚೀಲದ ಬಾಯಿ ಬಿಚ್ಚಿದಾಗ ಒಳಗೆ ಕಂಡೆ: ಅವಳ ಎರಡು ಸೀರೆ, ನನ್ನ ಯೂನಿಫಾರ್ಮು, ನನ್ನ ಪುಸ್ತಕ, ಎಣ್ಣೆಬಟ್ಟೆ ಸುತ್ತಿದ ಕತ್ತರಿ. ಹೂವು ಇರಲಿಲ್ಲ, ಹಣ್ಣೂ ಇರಲಿಲ್ಲ.

“ಇದ್ಯಾಕಮ್ಮ?” ಅಂದೆ.

“ನಿನ್ನ ತಲೆ ಮುಟ್ಟಿ ಸುಳ್ಳು ಹೇಳ್ತೀನಾ ನಾನು? ಹೌದು, ನಾನೇ ಮಾಡಿದ್ದು ಅಂದು ನಿನ್ನ ಕರ್ಕಂಡು ಇಲ್ಲಿಂದ್ಲೇ ಮಾದಿಹಳ್ಳಿ ಬಸ್ಸು ಹತ್ತೋಣ ಅಂತಿದ್ದೆ.”

ನಾನು ಅವಳ ಜೊತೆ ಮೆಟ್ಟಿಲು ಇಳಿದೆ. ಕೆಳಗೆ ತೆಂಗಿನ ತೋಟಗಳ ಆಚೆ ರೈಲು ಹಳಿ ಹೊಳೆಯುತ್ತಿತ್ತು. ನಮಗಿಂತ ಬಹಳ ಕೆಳಗೆ ದೊಡ್ಡಮ್ಮ ಒಬ್ಬಳೇ, ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದಳು. ಅಮ್ಮ ಅವಳನ್ನೇ ನೋಡುತ್ತಾ ಕೇಳಿದಳು:

“ನಾನು ಜರೀನೂ ಸೇರಿಸಿ ಕತ್ತರಿಸಿದ್ದೆ. ಎಷ್ಟು ಹುಳ ಬಿಟ್ಟಿದ್ದೆ ನೀನು?”

“ಹದಿನೇಳು.”

ಅಮ್ಮ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

“ಅವಳ ಸೀರೆಗಳಿಗೂ ಒಂದಷ್ಟು ಬಿಡೋದಲ್ವೇನೇ,” ಅಂದಳು.